ಹೆರಿಗೆಗೆ ಮಾನಸಿಕ ಸಿದ್ಧತೆ (ಮೊಳಕಾಲ್ಮೂರು ಮತ್ತು ಚಳ್ಳಕೆರೆ ಪ್ರದೇಶ)

ಹೆರಿಗೆಗೆ ಮಾನಸಿಕ ಸಿದ್ಧತೆ ಎಂದರೆ ಗರ್ಭಿಣಿಯು ಹೆರಿಗೆಯ ನೋವು, ಅದರ ಅವಧಿ, ಅದರಲ್ಲಿ ಎದುರಾಗಬಹುದಾದ ತೊಡಕುಗಳು ಮತ್ತು ಬಾಣಂತನದ ದಿನಗಳನ್ನು ಮುಂಚಿತವಾಗಿ ಅರಿತು, ಅವುಗಳಿಗಾಗಿ ತನ್ನ ಮನಸ್ಸನ್ನೂ ತನಗೆ ದೊರೆಯಬೇಕಾದ ನೆರವನ್ನೂ ಅಣಿಗೊಳಿಸಿಕೊಳ್ಳುವ ಕ್ರಮ. ಆಧುನಿಕ ಪ್ರಸೂತಿಶಾಸ್ತ್ರದಲ್ಲಿ ಇದು ಗರ್ಭಿಣಿ ಆರೈಕೆಯ ಒಂದು ಭಾಗವೆಂದು ಪರಿಗಣಿತವಾಗಿದೆ. ಆದರೆ ಈ ಹೆಸರು ಹುಟ್ಟುವ ಎಷ್ಟೋ ಮೊದಲೇ ಎಲ್ಲ ಸಮಾಜಗಳೂ ಚೊಚ್ಚಲ ಬಸುರಿಯನ್ನು ಹೆರಿಗೆಗೆ ಸಜ್ಜುಗೊಳಿಸುವ ತಮ್ಮದೇ ರೂಢಿಗಳನ್ನು ಹೊಂದಿದ್ದವು.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಮತ್ತು ಚಳ್ಳಕೆರೆ ತಾಲ್ಲೂಕುಗಳಲ್ಲಿ ಇಂತಹ ಮೂರು ಧಾರೆಗಳು ಒಟ್ಟಿಗೆ ಕಂಡುಬರುತ್ತವೆ: ತವರುಮನೆ ಹಾಗೂ ಸೂಲಗಿತ್ತಿಯ ಪರಂಪರೆ, ಕಾಡುಗೊಲ್ಲರ ಹಟ್ಟಿಗಳ ಸೂತಕದ ಕಟ್ಟಳೆ, ಮತ್ತು ಈಗ ಬಹುತೇಕ ಎಲ್ಲರನ್ನೂ ತಲುಪಿರುವ ಆಸ್ಪತ್ರೆ ಹೆರಿಗೆ. ಮೂರರಲ್ಲಿಯೂ ಹೆಣ್ಣಿನ ಧೈರ್ಯವನ್ನು ಹೆಚ್ಚಾಗಿ ನಿರ್ಧರಿಸುವುದು ಬೇನೆಯ ಹೊತ್ತಿನಲ್ಲಿ ಅವಳ ಪಕ್ಕದಲ್ಲಿ ಯಾರಿರುತ್ತಾರೆ ಎಂಬ ಸಂಗತಿ.

ಪ್ರದೇಶ

ಮೊಳಕಾಲ್ಮೂರು ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ತುದಿಯಲ್ಲಿರುವ ತಾಲ್ಲೂಕು. ರೇಷ್ಮೆ ಸೀರೆಗೆ ಮತ್ತು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳಿಗೆ ಹೆಸರಾದ ಈ ಸೀಮೆ ಮಳೆ ಕಡಿಮೆ ಬೀಳುವ ಬಯಲು ನಾಡು. ಜಿಲ್ಲಾ ಕೇಂದ್ರವು ಸುಮಾರು 80 ಕಿ.ಮೀ. ದೂರದಲ್ಲಿದ್ದು, ಚಳ್ಳಕೆರೆಯನ್ನು ಹಾದು ಹೋಗಬೇಕು. ತೊಡಕಿನ ಹೆರಿಗೆಗಳಿಗೆ ಇಲ್ಲಿನವರು ಚಿತ್ರದುರ್ಗದಂತೆಯೇ ನೆರೆಯ ಬಳ್ಳಾರಿಯನ್ನೂ ಆಶ್ರಯಿಸುತ್ತಾರೆ. ಆಂಧ್ರಪ್ರದೇಶದ ರಾಯದುರ್ಗ ಗಡಿಯಾಚೆಗೇ ಇರುವುದರಿಂದ ಅನೇಕ ಮನೆಗಳ ಮಾತು ತೆಲುಗು. ಇದು ಸಣ್ಣ ಸಂಗತಿಯಂತೆ ತೋರಬಹುದು. ಆದರೆ ನೋವಿನಲ್ಲಿರುವವಳಿಗೆ ಮನೆಯ ಮಾತಿನಲ್ಲಿ ಸಮಾಧಾನ ಹೇಳುವವರು ಬೇಕಾಗುತ್ತಾರೆ. ಹೆರಿಗೆ ಕೋಣೆಯ ಆದೇಶಗಳು ಅರ್ಥವಾಗದಿದ್ದರೆ ಭಯ ಇಮ್ಮಡಿಯಾಗುತ್ತದೆ.

ಭಯದ ಸ್ವರೂಪ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ಕನ್ನಡದಲ್ಲಿ ರೂಢಿಯಲ್ಲಿದೆ. ಅದರೊಳಗೆ ಗೌರವವೂ ಇದೆ, ಸಾವಿನ ನೆನಪೂ ಇದೆ. ಮಾದರಿ ನೋಂದಣಿ ವ್ಯವಸ್ಥೆಯ 2018–20ರ ಅಂದಾಜಿನಂತೆ ಕರ್ನಾಟಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ಸಾವನ್ನಪ್ಪಿದ್ದಾರೆ. ಅದೇ ಅವಧಿಯಲ್ಲಿ ಇಡೀ ಭಾರತದ ಪ್ರಮಾಣ 97. ಹಿಂದಿನ ತಲೆಮಾರುಗಳಿಗೆ ಹೋಲಿಸಿದರೆ ಇದು ಬಹಳ ಕಡಿಮೆ. ಆದರೆ ಅಜ್ಜಿಯೋ ಸೋದರತ್ತೆಯೋ ಹೆರಿಗೆಯಲ್ಲಿ ತೀರಿಕೊಂಡ ಕಥೆಯನ್ನು ಕೇಳುತ್ತ ಬೆಳೆದ ಹುಡುಗಿಯ ಮನಸ್ಸು ಅಂಕಿಅಂಶಗಳಿಂದ ತಾನಾಗಿಯೇ ಹಗುರಾಗುವುದಿಲ್ಲ.

ಬ್ರಿಟನ್ನಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ 1930 ಮತ್ತು 40ರ ದಶಕಗಳಲ್ಲಿ ಭಯ, ಸೆಳೆತ ಮತ್ತು ನೋವುಗಳ ಸರಪಳಿಯನ್ನು ವಿವರಿಸಿದನು. ಹೆದರಿದ ದೇಹ ಬಿಗಿಯಾಗುತ್ತದೆ, ಬಿಗಿದ ದೇಹದಲ್ಲಿ ನೋವು ಹೆಚ್ಚುತ್ತದೆ, ಹೆಚ್ಚಿದ ನೋವು ಮತ್ತೆ ಭಯವನ್ನು ಬೆಳೆಸುತ್ತದೆ ಎಂಬುದು ಅವನ ವಾದ. ಫ್ರಾನ್ಸಿನ ಫರ್ನಾಂಡ್ ಲಮಾಜ್ 1951ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಭೇಟಿ ನೀಡಿ, ಅಲ್ಲಿ ಕಂಡ ಪದ್ಧತಿಯನ್ನು ಆಧರಿಸಿ ಉಸಿರಾಟ ಮತ್ತು ಸಡಿಲಿಕೆಯ ತರಬೇತಿಯನ್ನು ರೂಪಿಸಿದನು. ಇಂದು ನಗರಗಳ ಗರ್ಭಿಣಿ ತರಗತಿಗಳಲ್ಲಿ ಕಲಿಸುವ ಉಸಿರಾಟದ ಕ್ರಮಗಳು ಹೆಚ್ಚಾಗಿ ಇವರಿಬ್ಬರಿಂದ ಬಂದವು. ಹೆರಿಗೆಯ ನೋವೆಲ್ಲವೂ ಭಯದಿಂದಲೇ ಹುಟ್ಟುತ್ತದೆ ಎಂಬ ಅತಿರೇಕವನ್ನು ಈಗ ಯಾರೂ ಒಪ್ಪುವುದಿಲ್ಲ. ನೋವು ನಿಜವಾದದ್ದು; ಭಯ ಅದನ್ನು ಹೆಚ್ಚಿಸಬಲ್ಲದು ಎಂಬಷ್ಟು ಮಾತ್ರ ಉಳಿದಿದೆ. ಗರ್ಭಧಾರಣೆಯನ್ನೇ ತಪ್ಪಿಸಿಕೊಳ್ಳುವಷ್ಟು ತೀವ್ರವಾದ ಹೆರಿಗೆಯ ಭಯಕ್ಕೆ 2000ದಲ್ಲಿ ಮನೋವೈದ್ಯರು ಟೋಕೋಫೋಬಿಯಾ ಎಂಬ ಹೆಸರು ಕೊಟ್ಟರು. ಇದಕ್ಕೆ ಚಿಕಿತ್ಸೆ ಬೇಕಾಗುತ್ತದೆ. ಧೈರ್ಯದ ಮಾತು ಸಾಲದು.

ಎಲ್ಲ ಭಯವೂ ಮನಸ್ಸಿನ ದೌರ್ಬಲ್ಯವಲ್ಲ. 2024ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ, ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಶಸ್ತ್ರಚಿಕಿತ್ಸೆಯಾಗಿದ್ದ ಐವರು ಬಾಣಂತಿಯರು ಮೃತಪಟ್ಟರು. ಅವರಿಗೆ ನೀಡಲಾಗಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಮೂಡಿ, ರಾಜ್ಯ ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ಇಂತಹ ಸುದ್ದಿಯ ನಂತರ ಆ ಸೀಮೆಯ ಗರ್ಭಿಣಿ ಆಸ್ಪತ್ರೆಗೆ ಹೋಗಲು ಅಂಜಿದರೆ, ಅದನ್ನು ಮೌಢ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವಳ ಪ್ರಶ್ನೆಗಳಿಗೆ ನೇರವಾದ ಉತ್ತರ ಸಿಗುವುದೂ ಮಾನಸಿಕ ಸಿದ್ಧತೆಯ ಭಾಗವೇ ಆಗಿದೆ.

ತವರು, ಸೀಮಂತ ಮತ್ತು ಸೂಲಗಿತ್ತಿ

ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುವ ರೂಢಿ ಕರ್ನಾಟಕದ ಬಹುತೇಕ ಸಮುದಾಯಗಳಲ್ಲಿದೆ. ಐದು, ಏಳು ಅಥವಾ ಒಂಬತ್ತನೆಯ ತಿಂಗಳಿನಲ್ಲಿ ಸೀಮಂತ ಮಾಡಿ, ಹಸಿರು ಬಳೆ ತೊಡಿಸಿ, ಮಡಿಲು ತುಂಬಿ ಮಗಳನ್ನು ಕರೆದೊಯ್ಯುತ್ತಾರೆ. ಬಸುರಿಯ ಬಯಕೆಯನ್ನು ತೀರಿಸಬೇಕೆಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ಬೇರೆ ದಿನಗಳಲ್ಲಿ ಬಾಯಿಬಿಟ್ಟು ಏನನ್ನೂ ಕೇಳದ ಸೊಸೆಯೂ ಆ ಕೆಲವು ತಿಂಗಳು ತನಗೆ ಬೇಕಾದುದನ್ನು ಕೇಳಬಹುದು. ಆಚರಣೆಯ ಧಾರ್ಮಿಕ ಅರ್ಥ ಏನೇ ಇರಲಿ, ಅದರ ಪರಿಣಾಮ ಸ್ಪಷ್ಟ: ಹೆತ್ತು ಬಲ್ಲ ಹೆಂಗಸರೆಲ್ಲ ಒಂದೆಡೆ ಸೇರುತ್ತಾರೆ, ತಮ್ಮ ತಮ್ಮ ಹೆರಿಗೆಗಳನ್ನು ನೆನೆಯುತ್ತಾರೆ, ಹೊಸಬಳು ಕೇಳಿಸಿಕೊಳ್ಳುತ್ತಾಳೆ. ಇದಕ್ಕೆ ಇನ್ನೊಂದು ಮುಖವೂ ಉಂಟು. ಹೇಳುವವರು ಭೀಕರ ಹೆರಿಗೆಗಳ ಕಥೆಯನ್ನೇ ಆರಿಸಿಕೊಂಡರೆ ಆ ಕೂಟ ಧೈರ್ಯಕ್ಕಿಂತ ಅಳುಕನ್ನೇ ಹೆಚ್ಚು ಕೊಡುತ್ತದೆ.

ತವರಿನ ಅನುಕೂಲ ಎಲ್ಲರಿಗೂ ಒಂದೇ ಬಗೆಯಲ್ಲಿ ದಕ್ಕುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಕರ್ನಾಟಕದ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ. 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ತಾನೇ ಇನ್ನೂ ಮಗುವಿನಂತಿರುವವಳಿಗೆ ತವರಿನ ಆಸರೆ ಎಲ್ಲರಿಗಿಂತ ಹೆಚ್ಚು ಅಗತ್ಯ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿರುವ ಮನೆಗಳಲ್ಲಿ ಕೆಲವೊಮ್ಮೆ ತವರೂ ಗಂಡನ ಮನೆಯೂ ಒಂದೇ ಬೀದಿಯಲ್ಲಿರುತ್ತವೆ. ಆಗ ತವರಿಗೆ ಹೋಗುವುದು ಹೆಸರಿಗಷ್ಟೇ ಉಳಿಯುತ್ತದೆ.

ಸೂಲಗಿತ್ತಿ ಈ ವ್ಯವಸ್ಥೆಯ ಕೇಂದ್ರವಾಗಿದ್ದಳು. ಈ ಪ್ರದೇಶಕ್ಕೆ ಹೊಂದಿಕೊಂಡಿರುವ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ (1920–2018) ಇವರಲ್ಲಿ ಹೆಚ್ಚು ಪ್ರಸಿದ್ಧರು. ಶಾಲೆಯ ಮುಖ ಕಾಣದ ಅವರು ಈ ವಿದ್ಯೆಯನ್ನು ತಮ್ಮ ಅಜ್ಜಿಯಿಂದ ಕಲಿತರು. ಸುಮಾರು ಏಳು ದಶಕಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರೆಂದು ಅವರನ್ನು ಗುರುತಿಸಲಾಗಿದೆ. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು.

ಸೂಲಗಿತ್ತಿ ಸಾಮಾನ್ಯವಾಗಿ ಊರಿನವಳೇ ಆಗಿದ್ದು, ಬಸುರಿಯ ತಾಯಿಯ ಹೆರಿಗೆಯನ್ನೂ ಅವಳೇ ಮಾಡಿಸಿರುವ ಸಾಧ್ಯತೆಯಿತ್ತು. ಬೇನೆ ಶುರುವಾದಾಗಿನಿಂದ ಮಾಸು ಬೀಳುವ ತನಕ, ಅದರ ನಂತರ ಬಾಣಂತಿಗೆ ಎಣ್ಣೆ ನೀರು ಹಾಕುವ ತನಕ ಅವಳು ಜೊತೆಗಿರುತ್ತಿದ್ದಳು. ಸೊಂಟ ತಿಕ್ಕುವುದು, ನಡೆದಾಡಿಸುವುದು, ನೋವು ಬಂದಾಗ ಕೈ ಹಿಡಿದುಕೊಳ್ಳಲು ಬಿಡುವುದು, ಬೈದಾದರೂ ಸರಿ ಮಾತಾಡಿಸುತ್ತಲೇ ಇರುವುದು ಅವಳ ಕೆಲಸವಾಗಿತ್ತು. ಆದರೆ ಹೆರಿಗೆಯ ನಂತರದ ವಿಪರೀತ ರಕ್ತಸ್ರಾವ, ನಂಜು, ಅಡ್ಡಬಿದ್ದ ಮಗು ಇವುಗಳ ಎದುರು ಅವಳ ಬಳಿ ಸಾಧನಗಳಿರಲಿಲ್ಲ. ಸೂಲಗಿತ್ತಿಯ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸುವ ಬರಹಗಳು ಈ ಸಂಗತಿಯನ್ನು ಮರೆಯುತ್ತವೆ.

ಹಟ್ಟಿಯ ಹೊರಗಿನ ಗುಡಿಸಲು

ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಮತ್ತು ತುಮಕೂರು ಜಿಲ್ಲೆಯ ಶಿರಾ, ಪಾವಗಡ ತಾಲ್ಲೂಕುಗಳಲ್ಲಿ ಕಾಡುಗೊಲ್ಲರ ಹಟ್ಟಿಗಳಿವೆ. ಪಶುಪಾಲನೆ ಈ ಸಮುದಾಯದ ಮೂಲವೃತ್ತಿ; ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಮೊದಲಾದವರು ಅವರ ಸಾಂಸ್ಕೃತಿಕ ವೀರರೂ ದೈವಗಳೂ ಆಗಿದ್ದಾರೆ. ಮುಳ್ಳಿನ ಬೇಲಿಯೊಳಗಿನ ಹಟ್ಟಿಯಲ್ಲಿ ದೇವರ ನೆಲೆಯೂ ಮನೆಗಳೂ ಒಟ್ಟಿಗಿರುವುದರಿಂದ, ಮುಟ್ಟು ಮತ್ತು ಹೆರಿಗೆಯ ಮೈಲಿಗೆ ಹಟ್ಟಿಯೊಳಗೆ ಆಗಬಾರದೆಂಬುದು ಕಟ್ಟಳೆ. ತೀ.ನಂ. ಶಂಕರನಾರಾಯಣ ಅವರ ‘ಕಾಡುಗೊಲ್ಲರ ಸಂಪ್ರದಾಯಗಳು ಮತ್ತು ನಂಬಿಕೆಗಳು’ ಈ ಸಮುದಾಯದ ಬದುಕನ್ನು ಕುರಿತ ಪ್ರಮುಖ ಅಧ್ಯಯನ. ಮ್ಯಾಸಬೇಡರ ಕೆಲವು ಹಟ್ಟಿಗಳಲ್ಲಿಯೂ ಇದಕ್ಕೆ ಸಮೀಪದ ಮೈಲಿಗೆಯ ಕಟ್ಟುಪಾಡುಗಳು ಇದ್ದವು.

ಕಟ್ಟಳೆಯಂತೆ ದಿನ ತುಂಬಿದ ಹೆಂಗಸು ಹಟ್ಟಿಯ ಹೊರಗೆ ಗರಿ ಅಥವಾ ಸೋಗೆಯಿಂದ ಹಾಕಿದ ಪುಟ್ಟ ಗುಡಿಸಲಿಗೆ ಹೋಗಬೇಕು. ಹೆರಿಗೆಯಾದ ಮೇಲೆ ತಾಯಿ ಮಗು ಅಲ್ಲಿಯೇ ಇರಬೇಕು. ಈ ಅವಧಿ ಹಟ್ಟಿಯಿಂದ ಹಟ್ಟಿಗೆ ಬೇರೆ. ಕೆಲವೆಡೆ ವಾರಗಳು, ಕೆಲವೆಡೆ ಎರಡು ಮೂರು ತಿಂಗಳು. ಊಟ ನೀರನ್ನು ದೂರದಿಂದ ಇಟ್ಟು ಹೋಗುತ್ತಾರೆ. ಮುಟ್ಟಿದವರು ಮಿಂದು ಒಳಗೆ ಬರಬೇಕಾದುದರಿಂದ ಜೊತೆಗಿರಲು ಬರುವವರು ಕಡಿಮೆ. ಮಳೆ, ಚಳಿ, ಹಾವು ಚೇಳುಗಳ ನಡುವೆ ಹಸುಗೂಸಿನೊಂದಿಗೆ ಕಳೆಯುವ ಈ ದಿನಗಳ ನಿರೀಕ್ಷೆಯೇ ಬಸುರಿಯ ಮನಸ್ಸನ್ನು ತಿಂಗಳುಗಟ್ಟಲೆ ಆವರಿಸುತ್ತದೆ. ಬೇರೆಡೆಯ ಗರ್ಭಿಣಿ ಹೆರಿಗೆಗೆ ಸಿದ್ಧಳಾದರೆ, ಇಲ್ಲಿನವಳು ಹೆರಿಗೆಯ ಜೊತೆಗೆ ಒಂಟಿತನಕ್ಕೂ ಸಿದ್ಧಳಾಗಬೇಕು.

ಹೊರಗಿನವರಿಗೆ ಗ್ರಹಿಸಲು ಕಷ್ಟವಾಗುವ ಅಂಶವೊಂದಿದೆ. ಈ ಕಟ್ಟಳೆಯನ್ನು ಮುರಿಯಲು ಅನೇಕ ಹೆಂಗಸರೇ ಒಪ್ಪುವುದಿಲ್ಲ. ಮೈಲಿಗೆ ಒಳಗೆ ಬಂದರೆ ದೇವರು ಮುನಿದು ಮಗುವಿಗೋ ಕುರಿಹಿಂಡಿಗೋ ಕೇಡಾಗುತ್ತದೆ ಎಂಬ ಅಂಜಿಕೆ ಗುಡಿಸಲಿನ ಅಂಜಿಕೆಗಿಂತ ದೊಡ್ಡದು. ಹೊರಗಿರುವ ದಿನಗಳು ದುಡಿಮೆಯಿಂದ ಸಿಗುವ ಬಿಡುವು ಎನ್ನುವವರೂ ಇದ್ದಾರೆ. ಆದ್ದರಿಂದ ಇಲ್ಲಿ ಮಾನಸಿಕ ಸಿದ್ಧತೆಯ ಕೆಲಸ ಬಸುರಿಯೊಬ್ಬಳ ಜೊತೆ ಮುಗಿಯುವುದಿಲ್ಲ. ಅವಳ ಅತ್ತೆ, ಹಟ್ಟಿಯ ಯಜಮಾನ ಮತ್ತು ಪೂಜಾರಿಯ ಮನಸ್ಸನ್ನೂ ಅದು ಮುಟ್ಟಬೇಕಾಗುತ್ತದೆ.

ಈಗ ಹಟ್ಟಿಯ ಹೆಂಗಸರೂ ಆಸ್ಪತ್ರೆಯಲ್ಲಿ ಹೆರುತ್ತಾರೆ. ಆದರೆ ಹೊರಗಿಡುವ ಪದ್ಧತಿ ಕೆಲವೆಡೆ ಆಸ್ಪತ್ರೆಯಿಂದ ಮರಳಿದ ನಂತರದ ದಿನಗಳಿಗೆ ಸರಿದಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಆಸ್ಪತ್ರೆಯಿಂದ ಬಂದ ಬಾಣಂತಿ ಮತ್ತು ಹಸುಗೂಸನ್ನು ಮಳೆಗಾಲದಲ್ಲಿ ಹೊರಗಿನ ಗುಡಿಸಲಿನಲ್ಲಿರಿಸಲಾಗಿತ್ತು. ಮಗು ತೀರಿಕೊಂಡಿತು. ಪ್ರಕರಣ ರಾಜ್ಯದಾದ್ಯಂತ ಚರ್ಚೆಯಾಗಿ, ನ್ಯಾಯಾಧೀಶರೂ ಅಧಿಕಾರಿಗಳೂ ಹಟ್ಟಿಗಳಿಗೆ ಭೇಟಿ ನೀಡಿದರು.

ಮುಟ್ಟಾದ ಅಥವಾ ಗರ್ಭಿಣಿಯಾದ ಮಹಿಳೆಯನ್ನು ಬಲವಂತವಾಗಿ ಪ್ರತ್ಯೇಕವಾಗಿರಿಸುವುದು, ಊರೊಳಗೆ ಬರದಂತೆ ತಡೆಯುವುದು 2017ರ ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆಯಡಿ ಅಪರಾಧ. ಜನಬಳಕೆಯಲ್ಲಿ ಮೌಢ್ಯ ನಿಷೇಧ ಕಾಯ್ದೆ ಎನ್ನಲಾಗುವ ಇದು 2020ರಲ್ಲಿ ಜಾರಿಗೆ ಬಂದಿತು. ಇದಕ್ಕೂ ಮೊದಲೇ ಕೆಲವು ಹಟ್ಟಿಗಳ ಬಳಿ ಸರ್ಕಾರದಿಂದ ಕೃಷ್ಣ ಕುಟೀರ, ಮಹಿಳಾ ಭವನ ಎಂಬ ಕಟ್ಟಡಗಳು ನಿರ್ಮಾಣವಾಗಿದ್ದವು. ಗುಡಿಸಲಿಗಿಂತ ಗಟ್ಟಿಯಾದ ಸೂರು ಒದಗಿದ್ದು ನಿಜ. ಹೊರಗಿಡುವ ಪದ್ಧತಿಗೇ ಸರ್ಕಾರಿ ಮುದ್ರೆ ಬಿದ್ದಂತಾಯಿತು ಎಂಬ ಟೀಕೆಯೂ ಬಂದಿತು, ಮತ್ತು ಆ ಟೀಕೆಯನ್ನು ಸುಲಭವಾಗಿ ಅಲ್ಲಗಳೆಯಲಾಗದು.

ಆಸ್ಪತ್ರೆ ಹೆರಿಗೆ ಮತ್ತು ಜೊತೆಗಾತಿ

ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆಯ ಪ್ರಮಾಣ 2005–06ರಲ್ಲಿ ಶೇ. 65ರ ಆಸುಪಾಸಿನಲ್ಲಿತ್ತು, 2019–21ರ ಹೊತ್ತಿಗೆ ಶೇ. 97ಕ್ಕೆ ಏರಿತು. 2005ರ ಜನನಿ ಸುರಕ್ಷಾ ಯೋಜನೆ, 2008ರಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ, 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಮತ್ತು ಮನೆಮನೆಗೆ ತಿರುಗುವ ಆಶಾ ಕಾರ್ಯಕರ್ತೆಯರು ಈ ಬದಲಾವಣೆಯ ಹಿಂದಿದ್ದಾರೆ. ಜೀವಗಳು ಉಳಿದವು. ಇದೇ ಬದಲಾವಣೆಯಲ್ಲಿ ಪಕ್ಕದಲ್ಲಿರುತ್ತಿದ್ದ ಹೆಂಗಸು ಹೆರಿಗೆ ಕೋಣೆಯ ಬಾಗಿಲಾಚೆ ಉಳಿದಳು. ತಾಯಿ ಹೊರಗಿನ ಬೆಂಚಿನ ಮೇಲೆ, ಮಗಳು ಅಪರಿಚಿತರ ನಡುವೆ ಮೇಜಿನ ಮೇಲೆ ಎಂಬುದು ಒಂದು ತಲೆಮಾರಿನ ಸಾಮಾನ್ಯ ಅನುಭವವಾಯಿತು.

ಜೊತೆಗಿರುವವರ ಮಹತ್ವಕ್ಕೆ ಗಟ್ಟಿಯಾದ ಆಧಾರಗಳಿವೆ. ಗ್ವಾಟೆಮಾಲಾದ ಆಸ್ಪತ್ರೆಯೊಂದರಲ್ಲಿ ನಡೆದು 1980ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೈದ್ಯಕೀಯ ತರಬೇತಿಯಿಲ್ಲದ, ಪರಿಚಯವೂ ಇಲ್ಲದ ಹೆಂಗಸೊಬ್ಬಳು ಪಕ್ಕದಲ್ಲಿ ಕುಳಿತು ಕೈ ಹಿಡಿದು ಮಾತಾಡಿಸುತ್ತಿದ್ದವರಲ್ಲಿ, ತೊಡಕಿಲ್ಲದ ಹೆರಿಗೆಗಳ ಸರಾಸರಿ ಅವಧಿ ಸುಮಾರು 9 ಗಂಟೆಯಿತ್ತು. ಒಂಟಿಯಾಗಿದ್ದವರಲ್ಲಿ ಅದು 19 ಗಂಟೆ ದಾಟಿತ್ತು. ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ 15,000ಕ್ಕೂ ಹೆಚ್ಚು ಮಹಿಳೆಯರನ್ನೊಳಗೊಂಡ ಪ್ರಯೋಗಗಳನ್ನು ಪರಿಶೀಲಿಸಿತು. ನಿರಂತರ ಆಸರೆಯಿದ್ದವರಲ್ಲಿ ಸಿಸೇರಿಯನ್ ಕಡಿಮೆ, ಹೆರಿಗೆಯ ಅವಧಿ ಕಡಿಮೆ, ಹೆರಿಗೆಯನ್ನು ಕಹಿಯಾಗಿ ನೆನೆಯುವವರೂ ಕಡಿಮೆ ಎಂಬ ತೀರ್ಮಾನಕ್ಕೆ ಬಂದಿತು.

ಭಾರತ ಸರ್ಕಾರ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಹೆರಿಗೆ ಸಂಗಾತಿಯೊಬ್ಬರಿಗೆ ಅವಕಾಶ ನೀಡಿತು. ಹೆತ್ತು ಅನುಭವವಿರುವ, ಸೋಂಕು ರೋಗವಿಲ್ಲದ, ಬೇರೆ ಗರ್ಭಿಣಿಯರ ಆರೈಕೆಗೆ ಅಡ್ಡಿಪಡಿಸದ ಹೆಂಗಸು ಜೊತೆಗಿರಬಹುದು. 2017ರ ಡಿಸೆಂಬರಿನಲ್ಲಿ ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮವೂ ವಿಶ್ವ ಆರೋಗ್ಯ ಸಂಸ್ಥೆಯ 2018ರ ಹೆರಿಗೆ ಮಾರ್ಗಸೂಚಿಯೂ ಇದನ್ನೇ ಒತ್ತಿಹೇಳುತ್ತವೆ. ಜಾಗ ಕಿರಿದು, ಮಂಚಗಳ ನಡುವೆ ಪರದೆಯಿಲ್ಲ ಎಂಬ ಕಾರಣಗಳಿಂದ ಇದು ಎಲ್ಲೆಡೆ ಸರಾಗವಾಗಿ ನಡೆಯುವುದಿಲ್ಲ. ಆದರೂ ಅವಕಾಶವಿದೆ ಎಂದು ತಿಳಿದಿರುವ ಕುಟುಂಬ, ಜೊತೆಗೆ ಹೋಗುವವರು ಯಾರೆಂಬುದನ್ನು ಎಂಟನೆಯ ತಿಂಗಳಲ್ಲೇ ತೀರ್ಮಾನಿಸಿ, ತಪಾಸಣೆಗೆ ಹೋದಾಗಲೇ ದಾದಿಯರನ್ನು ಕೇಳಿಟ್ಟುಕೊಳ್ಳಬಹುದು.

ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ನಡೆಯುತ್ತದೆ. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯಲ್ಲಿ ಬಿಸಿಯೂಟವಿದೆ. ತಾಯಿ ಕಾರ್ಡಿನಲ್ಲಿ ರಕ್ತದೊತ್ತಡ, ಹಿಮೋಗ್ಲೋಬಿನ್, ತೂಕಗಳಿಗೆ ಕಲಂಗಳಿವೆ. ಹೆದರಿಕೆಯಿದೆಯೇ ಎಂದು ಬಾಯಿಬಿಟ್ಟು ಕೇಳುವವರು ಮಾತ್ರ ಹೆಚ್ಚಾಗಿ ಆಶಾ ಕಾರ್ಯಕರ್ತೆಯರೇ.

ಹೆರಿಗೆಯ ಗತಿಯನ್ನು ತಿಳಿದಿರುವುದು

ಚೊಚ್ಚಲ ಬಸುರಿಯ ಭಯದಲ್ಲಿ ದೊಡ್ಡ ಪಾಲು ಮುಂದೇನು ಎಂಬುದು ತಿಳಿಯದಿರುವುದರಿಂದ ಬರುತ್ತದೆ. ಕೊನೆಯ ವಾರಗಳಲ್ಲಿ ಬಂದು ಹೋಗುವ ಸುಳ್ಳು ನೋವು ನಡೆದಾಡಿದಾಗ ಅಥವಾ ಮಲಗಿದಾಗ ತಗ್ಗುತ್ತದೆ. ನಿಜವಾದ ಬೇನೆ ಕ್ರಮಬದ್ಧವಾಗಿ ಬಂದು, ಬರಬರುತ್ತ ಬಿರುಸಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಗರ್ಭಕೋಶದ ಬಾಯಿ 5 ಸೆಂ.ಮೀ. ತೆರೆದಲ್ಲಿಂದ ಸಕ್ರಿಯ ಹಂತ ಆರಂಭ. ಅಲ್ಲಿಂದ ಪೂರ್ತಿ ತೆರೆಯಲು ಮೊದಲ ಹೆರಿಗೆಯಲ್ಲಿ ಸಾಮಾನ್ಯವಾಗಿ 12 ಗಂಟೆಯೊಳಗೆ, ನಂತರದ ಹೆರಿಗೆಗಳಲ್ಲಿ 10 ಗಂಟೆಯೊಳಗೆ ಆಗುತ್ತದೆ. ಮುಕ್ಕಿ ಮಗುವನ್ನು ಹೊರತರುವ ಹಂತ ಚೊಚ್ಚಲಿನಲ್ಲಿ ಮೂರು ಗಂಟೆಯವರೆಗೂ ನಡೆಯಬಹುದು. ಇದಕ್ಕೂ ಮೊದಲಿನ ನಿಧಾನ ಹಂತಕ್ಕೆ ಗಡುವಿಲ್ಲ; ನಿನ್ನೆಯಿಂದ ನೋವು, ಇನ್ನೂ ಆಗಿಲ್ಲ ಎಂದು ಮನೆಯವರು ಕಂಗಾಲಾಗುವುದು ಹೆಚ್ಚಾಗಿ ಈ ಹಂತದಲ್ಲಿಯೇ.

ಬೇನೆ ಒಂದೇ ಸಮನೆ ಇರುವುದಿಲ್ಲ, ಅಲೆಯಂತೆ ಬಂದು ಇಳಿಯುತ್ತದೆ ಎಂಬ ಒಂದು ತಿಳಿವಳಿಕೆಯೇ ಬಹಳ ಉಪಯುಕ್ತ. ಅಲೆ ಏರುವಾಗ ಮೂಗಿನಿಂದ ಉಸಿರೆಳೆದು ಬಾಯಿಯಿಂದ ನಿಧಾನವಾಗಿ ಬಿಡುವುದು, ದವಡೆ ಮತ್ತು ಹೆಗಲನ್ನು ಸಡಿಲಬಿಡುವುದು, ಇಳಿದಾಗ ನೀರು ಕುಡಿದು ಮಾತಾಡುವುದು ಇವುಗಳನ್ನು ಮೊದಲೇ ಅಭ್ಯಾಸ ಮಾಡಿಕೊಳ್ಳಬಹುದು. ಕೂಗಿಕೊಂಡರೆ ನಾಚಿಕೆಯೆಂದು ಬೆಳೆಸಿದ ಹುಡುಗಿಗೆ, ಕೂಗಬಹುದು ಎಂದು ಯಾರಾದರೂ ಮೊದಲೇ ಹೇಳಿರಬೇಕು.

ಸಿಸೇರಿಯನ್ ಸಾಧ್ಯತೆಯನ್ನೂ ಮುಂಚಿತವಾಗಿ ಮಾತಾಡಿಕೊಂಡಿರುವುದು ಒಳಿತು. 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5 ಸಿಸೇರಿಯನ್ ಆಗಿದ್ದವು. ಸಹಜ ಹೆರಿಗೆಯಾಗದಿದ್ದರೆ ತಾನು ಸೋತೆನೆಂಬ ಭಾವ ಅನೇಕರಲ್ಲಿ ಉಳಿಯುತ್ತದೆ. ಗಟ್ಟಿ ಮನಸ್ಸಿದ್ದರೆ ಸಹಜ ಹೆರಿಗೆ ಆಗಿಯೇ ತೀರುತ್ತದೆ ಎಂಬ ಹಿತೋಪದೇಶವೇ ಅದಕ್ಕೆ ಕಾರಣ. ಮಗು ಅಡ್ಡಲಾಗಿದ್ದರೆ, ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿದ್ದರೆ ಯಾವ ಮನೋಬಲವೂ ಅದನ್ನು ಬದಲಿಸುವುದಿಲ್ಲ. ಅಂತೆಯೇ ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳ ಊತ, ಫಿಟ್ಸ್, ಮಗುವಿನ ಚಲನೆ ಕಡಿಮೆಯಾಗುವುದು, ನೋವಿಲ್ಲದೆ ನೀರು ಹೋಗುವುದು ಇವು ಧೈರ್ಯ ತಂದುಕೊಳ್ಳುತ್ತ ಕಾಯುವ ಸಂಗತಿಗಳಲ್ಲ. ಕೂಡಲೇ 108ಕ್ಕೆ ಕರೆ ಮಾಡಬೇಕು.

ಬಾಣಂತನದ ಮನಸ್ಸು

ಹೆರಿಗೆಯಾದ ಮೂರರಿಂದ ಐದನೆಯ ದಿನದ ಸುಮಾರಿಗೆ ಕಾರಣವಿಲ್ಲದೆ ಅಳು ಬರುವುದು, ಸಿಡುಕು, ನಿದ್ರೆ ಬಾರದಿರುವುದು ಬಹಳ ಬಾಣಂತಿಯರಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಎರಡು ವಾರಗಳೊಳಗೆ ಇದು ತಾನಾಗಿ ಕಳೆಯುತ್ತದೆ. ಅದಕ್ಕೂ ಮೀರಿ ಉಳಿದರೆ ಬಾಣಂತಿ ಖಿನ್ನತೆಯ ಶಂಕೆ ಪಡಬೇಕು. ಇದನ್ನು ಗುರುತಿಸಲು 1987ರಲ್ಲಿ ರೂಪುಗೊಂಡ ಹತ್ತು ಪ್ರಶ್ನೆಗಳ ಎಡಿನ್‌ಬರೋ ಮಾಪಕ ಕನ್ನಡದಲ್ಲಿಯೂ ಲಭ್ಯವಿದೆ. ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 23 ಶೇಕಡ ತಾಯಂದಿರಲ್ಲಿ ಖಿನ್ನತೆ ಕಂಡುಬಂದಿತ್ತು. ಬಡತನ, ಗಂಡನಿಂದ ಹಿಂಸೆ ಮತ್ತು ಗಂಡು ಬಯಸಿದ ಮನೆಯಲ್ಲಿ ಹೆಣ್ಣು ಹುಟ್ಟಿದ್ದು ಅದರೊಂದಿಗೆ ತಳುಕು ಹಾಕಿಕೊಂಡಿದ್ದವು. ಎರಡನೆಯ ಬಾರಿಗೂ ಹೆಣ್ಣಾದರೆ ಎಂಬ ಚಿಂತೆ ಹೊತ್ತು ಹೆರಿಗೆಗೆ ಹೋಗುವವಳಿಗೆ ಉಸಿರಾಟದ ಅಭ್ಯಾಸಕ್ಕಿಂತ ಮನೆಯವರ ಒಂದು ಮಾತು ಹೆಚ್ಚು ಬೇಕಾಗಿರುತ್ತದೆ.

ಸಾವಿರಕ್ಕೆ ಒಬ್ಬಿಬ್ಬರಲ್ಲಿ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ, ಭ್ರಮೆ, ವಿಪರೀತ ಸಂಶಯ, ನಿದ್ರೆಯಿಲ್ಲದ ಉದ್ರೇಕಗಳೊಂದಿಗೆ ಬಾಣಂತಿ ಮನೋವಿಕಲತೆ ಕಾಣಿಸಿಕೊಳ್ಳುತ್ತದೆ. ಇದನ್ನು ಬಾಣಂತಿ ಸನ್ನಿ ಎಂದು ಕರೆದು, ಗಾಳಿ ಸೋಕಿದೆಯೆಂದು ಮಂತ್ರ ಹಾಕಿಸುತ್ತ ದಿನ ಕಳೆಯುವುದು ಈಗಲೂ ಉಂಟು. ಇದು ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ ತರಬಲ್ಲ ತುರ್ತು ಸ್ಥಿತಿ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುತೇಕರು ಗುಣಮುಖರಾಗುತ್ತಾರೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿ ಮತ್ತು ಮಗುವನ್ನು ಬೇರ್ಪಡಿಸದೆ ಚಿಕಿತ್ಸೆ ನೀಡುವ ಘಟಕ 2009ರಿಂದ ಕೆಲಸ ಮಾಡುತ್ತಿದೆ. ಅದೇ ಸಂಸ್ಥೆ 1980ರ ದಶಕದಲ್ಲಿ, ಮೊಳಕಾಲ್ಮೂರಿನ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ಒದಗಿಸುವ ಪ್ರಯೋಗ ನಡೆಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ಸೇವೆಯನ್ನು ಏರ್ಪಡಿಸಲಾಗುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು. ಕನ್ನಡ ಮತ್ತು ತೆಲುಗು ಎರಡರಲ್ಲೂ ಮಾತಾಡುವ ಅವಕಾಶವಿದೆ.